ಗಾಳದ ರಾಟೆಯ ಹಿಡಿಕೆ: ಎರೆಗೂ ಎಳೆತಕ್ಕೂ ತಕ್ಕ ಆಯ್ಕೆ

ಬೀಸುವ ಕಲ್ಲಿನ ಗೂಟವು ನಡುವಿನಿಂದ ದೂರವಿದ್ದಷ್ಟೂ ಕಲ್ಲು ಹಗುರವಾಗಿ ತಿರುಗುವುದೆಂಬುದನ್ನು ರಾಗಿ ಬೀಸಿದ ಮನೆಯವರೆಲ್ಲ ಬಲ್ಲರು. ದೂರವಿದ್ದಷ್ಟೂ ಕೈಯು ದೊಡ್ಡ ಸುತ್ತನ್ನು ಬಳಸಿ ಬರಬೇಕಾಗುವುದೆಂಬುದೂ ಅವರಿಗೆ ತಿಳಿದದ್ದೇ. ಮೀನಿನ ಗಾಳಕ್ಕೆ ಜೋಡಿಸುವ ರಾಟೆಯ, ಎಂದರೆ ಇಂದು ಎಲ್ಲರೂ ರೀಲು ಎಂದು ಕರೆಯುವ ಸಾಧನದ, ಹಿಡಿಕೆಯನ್ನು ಆರಿಸುವ ಪ್ರಶ್ನೆಯು ಮೂಲತಃ ಇವೆರಡು ಸಂಗತಿಗಳ ನಡುವಣ ಹೊಂದಾಣಿಕೆಯ ಪ್ರಶ್ನೆಯೇ ಆಗಿದೆ. ಆದರೆ ಕಲ್ಲಿನ ಕೆಳಗೆ ಇರುವುದು ರಾಗಿ; ದಾರದ ತುದಿಯಲ್ಲಿ ಇರುವುದು ನೀರೊಳಗೆ ಚಲಿಸುವ ಒಂದು ಕೃತಕ ಎರೆ, ಅದೃಷ್ಟವಿದ್ದರೆ ಜೀವವುಳ್ಳ ಒಂದು ಮೀನು. ಆದ್ದರಿಂದ ಪ್ರಶ್ನೆಯು ತೋರುವಷ್ಟು ಸರಳವಲ್ಲ.

ಶಿವಮೊಗ್ಗ ಮತ್ತು ಭದ್ರಾವತಿಗಳೆರಡೂ ನದಿಯ ಊರುಗಳು. ಒಂದನ್ನು ತುಂಗೆಯೂ ಇನ್ನೊಂದನ್ನು ಭದ್ರೆಯೂ ಹಾದುಹೋಗಿ, ಮುಂದೆ ಕೂಡಲಿಯಲ್ಲಿ ಅವೆರಡೂ ಒಂದಾಗುತ್ತವೆ. ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯ ಬಳಿ ಅಣೆಕಟ್ಟುಗಳಿವೆ. ಅವುಗಳಿಂದ ಹೊರಟ ನಾಲೆಗಳಿವೆ. ಸುತ್ತಲೂ ಹಳೆಯ ಕೆರೆಗಳು ಬೇಕಾದಷ್ಟಿವೆ. ಬಿದಿರು ಗಳುವಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ, ಬೆಂಡು ಮುಳುಗುವುದನ್ನೇ ಕಾಯುತ್ತ ಕುಳಿತವರನ್ನು ಇಲ್ಲಿ ಯಾವ ಸೇತುವೆಯ ಮೇಲಿಂದಲಾದರೂ ಕಾಣಬಹುದು. ಅವರಿಗೆ ಹಿಡಿಕೆಯ ಗೊಡವೆಯಿಲ್ಲ. ಈಚಿನ ವರ್ಷಗಳಲ್ಲಿ ಮಾತ್ರ ರೀಲು ಹೂಡಿದ ಕೋಲನ್ನೂ, ಚಮಚೆಯಾಕಾರದ ಲೋಹದ ಎರೆಯನ್ನೂ, ಮರದ ಅಥವಾ ಪ್ಲಾಸ್ಟಿಕಿನ ಹುಸಿಮೀನನ್ನೂ, ರಬ್ಬರಿನ ಕಪ್ಪೆಯನ್ನೂ ಬಳಸುವ ತರುಣರು ಹೆಚ್ಚುತ್ತಿದ್ದಾರೆ. ಹಿಡಿಕೆಯನ್ನು ಬಿಡಿಯಾಗಿಯೇ ಕೊಂಡು ಬದಲಾಯಿಸಿಕೊಳ್ಳುವ ಸೌಕರ್ಯವೂ ಈಗ ಒದಗಿದೆ. ಗಿಡ್ಡವೋ ಉದ್ದವೋ, ಒಂಟಿಯೋ ಜೋಡಿಯೋ ಎಂಬ ವಿಷಯದಲ್ಲಿ ಅವರಿಗೆ ದೊರೆಯುವ ಸಲಹೆಗಳು ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ಪದವಿ ತರಗತಿಯ ಯಂತ್ರಶಾಸ್ತ್ರವನ್ನು ಮೀರದೆ ಈ ಸಲಹೆಗಳನ್ನು ಒರೆಗೆ ಹಚ್ಚುವುದು ಪ್ರಕೃತ ಲೇಖನದ ಉದ್ದೇಶ.

ಗಾಳದ ಬೇಟೆಯು ಕನ್ನಡನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಪ್ರಕರಣವೇ ಇದೆ. ಮೀನಿನ ಜಾತಿಗಳು, ಕೋಲು, ದಾರ, ಎರೆ ಇವುಗಳ ವಿಚಾರವೆಲ್ಲ ಅಲ್ಲಿ ಬಂದಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ರಾಟೆಯ ಅತಿ ಹಳೆಯ ಚಿತ್ರಗಳಲ್ಲೊಂದು ಅದೇ ಶತಮಾನದ ಕೊನೆಯಲ್ಲಿ ಚೀನದ ಮಾ ಯುವಾನ್ ಎಂಬ ಕಲಾವಿದನು ಬರೆದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಹೊಳೆಗಳಿಗೆ ಬಂದ ಇಂಗ್ಲಿಷರ ರಾಟೆಯು ನಡುಗಂಬಿಯ ಮೇಲೆ ತಿರುಗುವ ಒಂದು ಚಕ್ರ ಮಾತ್ರ. ಹಿಡಿಕೆ ಎಂಬುದು ಆ ಚಕ್ರದ ಮುಖಕ್ಕೇ ಬಡಿದ, ಹಲವೊಮ್ಮೆ ಕೊಂಬಿನಿಂದ ಮಾಡಿದ, ಒಂದು ಗುಬುಟು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ೧೮೭೩ರಲ್ಲಿ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಅಚ್ಚು ಹಾಕಿಸಿದ ಕಾಲಕ್ಕೆ ಬಳಕೆಯಲ್ಲಿದ್ದದ್ದು ಇಂಥ ರಾಟೆಯೇ. ಮೀನು ಓಡಿದಾಗ ಚಕ್ರದೊಡನೆ ಗುಬುಟೂ ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತಿತ್ತು; ಬೆರಳು ಅಡ್ಡ ಬಂದರೆ ಗೆಣ್ಣು ನುಗ್ಗಾಗುತ್ತಿತ್ತು. ಇಂದಿನ ರೀಲುಗಳಲ್ಲಿ ಹಿಡಿಕೆಯು ಹಿಂದಕ್ಕೆ ತಿರುಗದಂತೆ ತಡೆಯುಂಟು. ನೂಲಿನ ಉದ್ಯಮದವನಾಗಿದ್ದ ಆಲ್ಫ್ರೆಡ್ ಇಲಿಂಗ್‌ವರ್ತ್ ಎಂಬಾತನು ೧೯೦೫ರಲ್ಲಿ ಹಕ್ಕುಪತ್ರ ಪಡೆದ ಮಾದರಿಯಿಂದ ಬೆಳೆದು ಬಂದ, ಉರುಳೆಯು ನಿಂತೇ ಇದ್ದು ಅದರ ಸುತ್ತ ದಾರವನ್ನು ಸುತ್ತುವ ರೀಲೇ ಈಗ ನಮ್ಮ ಭಾಗದಲ್ಲಿ ಹೆಚ್ಚು ರೂಢಿಯಲ್ಲಿದೆ. ಮುಂದಿನ ಲೆಕ್ಕವೆಲ್ಲ ಇಂಥ ರೀಲಿನದು.

ಹಿಡಿಕೆಯ ಉದ್ದ, ಎಂದರೆ ತಿರುಗುವ ಅಕ್ಷದಿಂದ ಗುಬುಟಿನ ನಡುವಿನವರೆಗಿನ ಅಂತರ, ೫೫ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ದಾರ ಸುತ್ತಿದ ಉರುಳೆಯ ತ್ರಿಜ್ಯ ೨೨ ಮಿಲಿಮೀಟರ್. ಹಲ್ಲುಚಕ್ರಗಳ ಪ್ರಮಾಣ ೫ ಆಗಿರಲಿ, ಎಂದರೆ ಹಿಡಿಕೆ ಒಮ್ಮೆ ತಿರುಗಿದರೆ ದಾರವು ಐದು ಸುತ್ತು ಸುತ್ತಿಕೊಳ್ಳುತ್ತದೆ. ಆಗ ಹಿಡಿಕೆಯ ಒಂದು ಸುತ್ತಿಗೆ ಒಳಬರುವ ದಾರ ಸುಮಾರು ೬೯ ಸೆಂಟಿಮೀಟರ್. ಕೈಯ ಬಲಕ್ಕೂ ದಾರದ ಬಲಕ್ಕೂ ಇರುವ ಸಂಬಂಧವನ್ನು ಸನ್ನೆಯ ನಿಯಮದಿಂದಲೇ ಪಡೆಯಬಹುದು: ಉರುಳೆಯ ತ್ರಿಜ್ಯವನ್ನು ಹಲ್ಲುಚಕ್ರದ ಪ್ರಮಾಣದಿಂದ ಗುಣಿಸಿ ಹಿಡಿಕೆಯ ಉದ್ದದಿಂದ ಭಾಗಿಸಿದರೆ, ದಾರದ ಬಲದ ಎಷ್ಟು ಪಾಲನ್ನು ಕೈಯು ಹಾಕಬೇಕೆಂಬುದು ದೊರೆಯುತ್ತದೆ. ಇಲ್ಲಿ ೧೧೦ನ್ನು ೫೫ರಿಂದ ಭಾಗಿಸಿದರೆ ೨. ಎಂದರೆ ಘರ್ಷಣೆಯನ್ನು ಲೆಕ್ಕಕ್ಕೆ ತಾರದಿದ್ದರೂ, ದಾರದಲ್ಲಿರುವ ಎಳೆತದ ಎರಡರಷ್ಟು ಬಲವನ್ನು ಬೆರಳುಗಳು ಹಾಕಬೇಕು. ರೀಲು ನಮಗೆ ಬಲವನ್ನು ಉಳಿಸಿಕೊಡುವ ಯಂತ್ರವೆಂದು ಭಾವಿಸಿದವರಿಗೆ ಇದು ಅಚ್ಚರಿಯೆನಿಸಬಹುದು. ರೀಲು ಬಲವನ್ನು ತೆತ್ತು ವೇಗವನ್ನು ಕೊಳ್ಳುವ ಯಂತ್ರ. ಹಿಡಿಕೆಯನ್ನು ಉದ್ದ ಮಾಡುವುದೆಂದರೆ ಆ ವ್ಯಾಪಾರದಲ್ಲಿ ಸ್ವಲ್ಪ ಬೆಲೆ ಇಳಿಸಿಕೊಂಡಂತೆ, ಅಷ್ಟೇ.

ಈಗ ಎರೆಗಳ ಕಡೆಗೆ ಬರೋಣ. ಮುಂದುಗಡೆ ಅಗಲವಾದ ತುಟಿಯುಳ್ಳ, ಎಳೆದಂತೆಲ್ಲ ಆಳಕ್ಕೆ ಧುಮುಕುವ ಹುಸಿಮೀನು ನೀರಿನಲ್ಲಿ ೩೦೦ ಗ್ರಾಂ ತೂಕದಷ್ಟು ತಡೆಯೊಡ್ಡುವುದೆಂದು ಊಹಿಸಿದರೆ, ೪೫ ಮಿಲಿಮೀಟರಿನ ಗಿಡ್ಡ ಹಿಡಿಕೆಯಲ್ಲಿ ಕೈಗೆ ಬೀಳುವ ಹೊರೆ ಸುಮಾರು ೭೩೩ ಗ್ರಾಂ, ೫೫ರಲ್ಲಿ ೬೦೦, ೭೦ರಲ್ಲಿ ೪೭೧. ದಿನವಿಡೀ ಎಸೆದು ಎಳೆಯುವವನಿಗೆ ಈ ವ್ಯತ್ಯಾಸ ಸಂಜೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ತಿಳಿಯುತ್ತದೆ. ಇಂಥ ಎರೆಗೆ ಉದ್ದ ಹಿಡಿಕೆಯೇ ತಕ್ಕದ್ದು. ಗುಬುಟೂ ಅಂಗೈಯಿಂದ ಹಿಡಿಯಬಲ್ಲಷ್ಟು ದೊಡ್ಡದಾಗಿರಲಿ. ಆದರೆ ಕೇವಲ ೪೦ ಗ್ರಾಂ ತಡೆಯೊಡ್ಡುವ ಸಣ್ಣ ಚಮಚೆಗೆ ಇದೇ ಮಾತನ್ನು ಅನ್ವಯಿಸಿದರೆ ೯೮ ಗ್ರಾಮಿಗೂ ೬೩ ಗ್ರಾಮಿಗೂ ಇರುವ ಅಂತರ ಮಾತ್ರ ಉಳಿಯುತ್ತದೆ. ಅದನ್ನು ಯಾವ ಬೆರಳೂ ಲೆಕ್ಕಕ್ಕಿಡದು. ಹಗುರವಾದ ಎರೆಗೆ ಹಿಡಿಕೆಯನ್ನು ಆರಿಸುವಾಗ ಬಲದ ವಿಚಾರವನ್ನು ಬಿಟ್ಟು ಬೇರೆ ವಿಚಾರವನ್ನು ಕೇಳಬೇಕು.

ಆ ಬೇರೆ ವಿಚಾರವೇ ಎಳೆತದ ಸಮತೆ. ನಿಧಾನದ ಎಳೆತಕ್ಕೆ ಗಿಡ್ಡ ಹಿಡಿಕೆ ಬೇಕೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಮಾತು. ಬೆರಳು ಒಂದು ಸೆಂಟಿಮೀಟರ್ ಚಲಿಸಿದಾಗ, ೪೫ ಮಿಲಿಮೀಟರಿನ ಹಿಡಿಕೆಯಲ್ಲಿ ಎರೆಯು ಸುಮಾರು ೨.೪ ಸೆಂಟಿಮೀಟರ್ ಸರಿಯುತ್ತದೆ. ೭೦ ಮಿಲಿಮೀಟರಿನದರಲ್ಲಿ ಸುಮಾರು ೧.೬ ಮಾತ್ರ. ಕೈಯ ನಡುಕವೂ ತಡವರಿಕೆಯೂ ಗಿಡ್ಡ ಹಿಡಿಕೆಯಲ್ಲಿ ಹೆಚ್ಚು ಹಿಗ್ಗಿ ಎರೆಯನ್ನು ಮುಟ್ಟುತ್ತವೆ. ಸೆಕೆಂಡಿಗೆ ೫೦ ಸೆಂಟಿಮೀಟರ್ ವೇಗದಲ್ಲಿ ಎರೆಯನ್ನು ತರಬೇಕಾದರೆ ಎರಡು ಹಿಡಿಕೆಗಳನ್ನೂ ನಿಮಿಷಕ್ಕೆ ೪೩ ಬಾರಿ ತಿರುಗಿಸಬೇಕಾದರೂ, ಕೈಯು ಗಿಡ್ಡದರಲ್ಲಿ ಸೆಕೆಂಡಿಗೆ ಸುಮಾರು ೨೦ ಸೆಂಟಿಮೀಟರ್, ಉದ್ದದ್ದರಲ್ಲಿ ಸುಮಾರು ೩೨ ಸೆಂಟಿಮೀಟರ್ ಓಡುತ್ತದೆ. ತೀರ ನಿಧಾನವಾಗಿ ಚಲಿಸುವ ಕೈ ತೊದಲುತ್ತದೆ. ತುಸು ವೇಗವಾಗಿ ಚಲಿಸುವ ಕೈ ಸಮನಾಗಿ ನಡೆಯುತ್ತದೆ. ಆದುದರಿಂದ ನಿಧಾನವಾದ, ಏರಿಳಿತವಿಲ್ಲದ ಎಳೆತಕ್ಕೆ ಉದ್ದ ಹಿಡಿಕೆಯನ್ನೂ, ಕೋಲಿನ ತುದಿಯಿಂದ ಎರೆಯನ್ನು ಜಗ್ಗಿ ಜಗ್ಗಿ ನಡುನಡುವೆ ಸಡಿಲಾದ ದಾರವನ್ನು ಥಟ್ಟನೆ ಒಳಗೆಳೆದುಕೊಳ್ಳುವ ಕ್ರಮಕ್ಕೆ ಗಿಡ್ಡ ಹಿಡಿಕೆಯನ್ನೂ ಆರಿಸುವುದು ಯುಕ್ತ. ಎರಡನೆಯ ಕ್ರಮದಲ್ಲಿ ದಾರದಲ್ಲಿ ಬಲವೇ ಇರುವುದಿಲ್ಲ. ಬೇಕಾದದ್ದು ಥಟ್ಟನೆ ಹೊರಟು ಥಟ್ಟನೆ ನಿಲ್ಲುವ ಗುಣ. ತಿರುಗುವ ವಸ್ತುವಿನ ಜಡತೆಯು ತ್ರಿಜ್ಯದ ವರ್ಗದಂತೆ ಹೆಚ್ಚುವುದರಿಂದ ಗಿಡ್ಡ ಹಿಡಿಕೆಗೆ ಇಲ್ಲಿ ಸಹಜವಾದ ಮೇಲುಗೈ.

ಒಂಟಿ ಹಿಡಿಕೆ, ಜೋಡಿ ಹಿಡಿಕೆಗಳ ವಿವಾದವನ್ನೂ ಇದೇ ಬಗೆಯಲ್ಲಿ ನೋಡಬಹುದು. ಒಂಟಿ ಹಿಡಿಕೆಯ ಗುಬುಟು ೧೨ ಗ್ರಾಂ ತೂಗುವುದೆಂದುಕೊಳ್ಳೋಣ. ೫೫ ಮಿಲಿಮೀಟರ್ ದೂರದಲ್ಲಿರುವ ಆ ತೂಕವು ಗುಬುಟು ಕೆಳಗಿಳಿಯುವಾಗ ತಿರುಗುವಿಕೆಗೆ ನೆರವಾಗಿ, ಮೇಲೇರುವಾಗ ಅಡ್ಡಿಯಾಗಿ ನಿಲ್ಲುತ್ತದೆ. ಮೇಲಿನ ಸೂತ್ರದಂತೆ ಇದನ್ನು ದಾರಕ್ಕೆ ವರ್ಗಾಯಿಸಿದರೆ ೬ ಗ್ರಾಂ ಆಗುತ್ತದೆ. ದೊಡ್ಡ ತುಟಿಯ ಹುಸಿಮೀನಿನ ೩೦೦ ಗ್ರಾಮಿನಲ್ಲಿ ಈ ೬ ಗ್ರಾಂ ಎಲ್ಲಿ ಹೋಯಿತೆಂದು ಹುಡುಕಬೇಕು. ನಿಂತ ನೀರಿನಲ್ಲಿ ೨೦ ಗ್ರಾಂ ತಡೆಯೊಡ್ಡುತ್ತ ಬರುವ ಪುಟ್ಟ ಎರೆಗೆ ಅದು ನೂರಕ್ಕೆ ಮೂವತ್ತರಷ್ಟು. ಒಂದೊಂದು ಸುತ್ತಿನಲ್ಲಿಯೂ ಎರೆ ಒಮ್ಮೆ ಮುನ್ನುಗ್ಗಿ ಒಮ್ಮೆ ಹಿಂಜರಿಯುತ್ತದೆ. ಎದುರುಬದುರಾಗಿ ಎರಡು ಗುಬುಟುಗಳುಳ್ಳ ಜೋಡಿ ಹಿಡಿಕೆಯಲ್ಲಿ ಒಂದರ ತೂಕವನ್ನು ಇನ್ನೊಂದು ಸರಿದೂಗಿಸುವುದರಿಂದ ಈ ದೋಷವಿರದು. ಎಲ್ಲಿ ನಿಲ್ಲಿಸಿದರೆ ಅಲ್ಲಿಯೇ ಅದು ನಿಲ್ಲುತ್ತದೆ, ಕತ್ತಲೆಯಲ್ಲಿಯೂ ಕೈಗೆ ಸಿಗುತ್ತದೆ. ಆದರೆ ತೂಕವೂ ಜಡತೆಯೂ ಹೆಚ್ಚು, ಸಡಿಲ ದಾರ ಗುಬುಟಿಗೆ ಸುತ್ತಿಕೊಳ್ಳುವ ಪೀಡೆಯೂ ಉಂಟು. ನಿಲ್ಲಿಸಿ ನಿಲ್ಲಿಸಿ ಎಳೆಯುವ ಹಗುರ ಎರೆಗಳಿಗೆ ಜೋಡಿ, ಉಳಿದ ಎಲ್ಲಕ್ಕೂ ಒಂಟಿ ಎಂದು ಸ್ಥೂಲವಾಗಿ ಹೇಳಬಹುದು. ಅಂದಕ್ಕಾಗಿ ಜೋಡಿಯನ್ನು ಕೊಳ್ಳುವವರ ವಿಷಯದಲ್ಲಿ ಯಂತ್ರಶಾಸ್ತ್ರವು ಮೌನ ತಾಳುತ್ತದೆ.

ಇದುವರೆಗಿನ ಲೆಕ್ಕ ನಿಂತ ನೀರಿನದು. ಹರಿಯುವ ಹೊಳೆಯಲ್ಲಿ ಚಿತ್ರ ಬದಲಾಗುತ್ತದೆ. ನೀರಿನ ತಡೆಯು ವೇಗದ ವರ್ಗಕ್ಕನುಗುಣವಾಗಿ ಹೆಚ್ಚುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಕೆರೆಯಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಎಳೆದ ಎರೆಯನ್ನೇ, ಸೆಕೆಂಡಿಗೆ ಅರ್ಧ ಮೀಟರಿನಂತೆ ಹರಿಯುವ ಹೊಳೆಯಲ್ಲಿ ಪ್ರವಾಹಕ್ಕೆದುರಾಗಿ ಅಷ್ಟೇ ವೇಗದಿಂದ ಎಳೆದರೆ, ನೀರಿಗೆ ಸಂಬಂಧಿಸಿದ ವೇಗ ಇಮ್ಮಡಿಯಾಗಿ ತಡೆಯು ನಾಲ್ಮಡಿಯಾಗುತ್ತದೆ. ಕೆರೆಯಲ್ಲಿ ೪೦ ಗ್ರಾಂ ತಡೆಯೊಡ್ಡಿದ ಚಮಚೆ ಹೊಳೆಯಲ್ಲಿ ೧೬೦ ಗ್ರಾಂ ಒಡ್ಡುತ್ತದೆ. ಮಳೆಗಾಲ ಇಳಿಮುಖವಾದ ಮೇಲೆ ತುಂಗೆಯ ಸೆಳವಿನಲ್ಲಿ ಎರೆಯೆಸೆಯುವವನಿಗೂ, ಭದ್ರಾವತಿಯ ಹತ್ತಿರದ ಒಂದು ಕೆರೆಯ ಏರಿಯ ಮೇಲೆ ನಿಂತವನಿಗೂ ಒಂದೇ ರೀಲು, ಒಂದೇ ಎರೆ ಇದ್ದರೂ ಹಿಡಿಕೆ ಒಂದೇ ಆಗಬೇಕಾಗಿಲ್ಲ. ಪ್ರವಾಹಕ್ಕೆ ಅಡ್ಡಲಾಗಿ ಎಸೆದು, ಎರೆಯನ್ನು ಸೆಳವಿಗೇ ಬಿಟ್ಟು, ನಿಧಾನವಾಗಿ ಸುತ್ತುವವನಿಗೆ ಹೊಳೆಯೇ ಅರ್ಧ ಕೆಲಸ ಮಾಡಿಕೊಡುತ್ತದೆಂಬುದು ಬೇರೆ ಮಾತು.

ಕೊರವನ ಬೇಟೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಏಕೆಂದರೆ ಅಲ್ಲಿ ಹಿಡಿಕೆಯನ್ನು ನಿರ್ಧರಿಸುವುದು ಎರೆಯಲ್ಲ, ಮೀನು. ಕೊರವ ಗಾಳಿಯನ್ನೇ ಉಸಿರಾಡುವ ಮೀನು. ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಆದ್ದರಿಂದಲೇ ಜೊಂಡು, ತಾವರೆ, ಅಂತರಗಂಗೆಗಳಿಂದ ಮುಚ್ಚಿದ ಕೆರೆಯ ಮೇಲ್ಮೈಯಲ್ಲಿ ರಬ್ಬರಿನ ಕಪ್ಪೆಯನ್ನು ಕುಪ್ಪಳಿಸುವುದು ಫಲಿಸುತ್ತದೆ. ಕುಪ್ಪಳಿಸುವುದು ಕೋಲಿನ ತುದಿಯ ಕೆಲಸ. ರೀಲು ಸಡಿಲ ದಾರವನ್ನು ಎತ್ತಿಕೊಳ್ಳುತ್ತದೆ ಮಾತ್ರ. ಅಷ್ಟಕ್ಕೆ ಗಿಡ್ಡ ಹಿಡಿಕೆ ಸಾಕು. ಆದರೆ ಮೀನು ಕಚ್ಚಿದೊಡನೆ ಅದು ಬೇರುಗಳೊಳಗೆ ನುಗ್ಗುವ ಮೊದಲೇ, ಕೆಲವೇ ಸೆಕೆಂಡುಗಳಲ್ಲಿ, ಅದನ್ನು ಜೊಂಡಿನ ಮೇಲಕ್ಕೆ ಎಳೆದುಬಿಡಬೇಕು. ವೇಗವೂ ಬೇಕು, ಬಲವೂ ಬೇಕು. ಹಲ್ಲುಚಕ್ರದ ಪ್ರಮಾಣ ೬ ಆದರೆ ಒಂದು ಸುತ್ತಿಗೆ ೮೩ ಸೆಂಟಿಮೀಟರ್ ದಾರ ಬರುತ್ತದೆ. ಆದರೆ ೫೫ ಮಿಲಿಮೀಟರಿನ ಹಿಡಿಕೆಗೆ ಹೊರೆಯು ದಾರದ ಬಲದ ೨.೪ ಪಾಲಿಗೆ ಏರುತ್ತದೆ. ಹಿಡಿಕೆಯನ್ನು ೭೦ಕ್ಕೆ ಉದ್ದ ಮಾಡಿದರೆ ಅದು ಸುಮಾರು ೧.೯ಕ್ಕೆ ಇಳಿದು, ನಿಧಾನ ರೀಲಿನ ಹೊರೆಗಿಂತ ಕಡಿಮೆಯೇ ಆಗುತ್ತದೆ. ವೇಗದ ರೀಲಿಗೆ ಉದ್ದ ಹಿಡಿಕೆ ಎಂಬ ಈ ಜೋಡಣೆಯೇ ಕೊರವನಿಗೆ ಸರಿಯಾದದ್ದು. ಒದ್ದೆ ಕೈಯಿಂದಲೂ ಜಾರದ, ಒರಟು ರಬ್ಬರಿನ ಅಥವಾ ನೊರೆರಬ್ಬರಿನ ಗುಬುಟು ಇಲ್ಲಿ ಮೇಲು. ನಯಗೊಳಿಸಿದ ಲೋಹ ಮಲೆನಾಡಿನ ಮಳೆಗೆ ಹೇಳಿಸಿದ್ದಲ್ಲ.

ಉದ್ದ ಹಿಡಿಕೆಯಿದ್ದರೆ ಎಂಥ ಮೀನನ್ನಾದರೂ ಸುತ್ತಿ ತರಬಹುದೆಂಬ ಭ್ರಮೆಯನ್ನು ಮಾತ್ರ ಬಿಡಬೇಕು. ದಾರದಲ್ಲಿ ೩ ಕಿಲೋಗ್ರಾಂ ಎಳೆತವಿರುವಾಗ ೪೫ ಮಿಲಿಮೀಟರಿನ ಹಿಡಿಕೆಯಲ್ಲಿ ೭.೩ ಕಿಲೋಗ್ರಾಂ, ೭೦ರಲ್ಲಿಯೂ ೪.೭ ಕಿಲೋಗ್ರಾಂ ಬಲ ಬೇಕು. ಎರಡು ಬೆರಳುಗಳಿಂದ ಅದು ಆಗದ ಕೆಲಸ. ಮಹಶೀರ್ ಮೀನಿನ ಮೊದಲ ಓಟದಲ್ಲಿಯಂತೂ ಹಿಡಿಕೆಯನ್ನು ಮುಟ್ಟಲೇಬಾರದು. ಉರುಳೆಯ ಬಿಗಿತಡೆಯು ಜಾರುತ್ತಿರುವಾಗ ಹಿಡಿಕೆಯನ್ನು ತಿರುಗಿಸಿದರೆ ದಾರ ಒಳಬರುವುದಿಲ್ಲ, ಹುರಿಗೊಳ್ಳುತ್ತದೆ ಮಾತ್ರ. ಓಟ ನಿಂತ ಮೇಲೆ ಕೋಲನ್ನು ಮೇಲೆತ್ತಿ ಮೀನನ್ನು ಹತ್ತಿರಕ್ಕೆ ತಂದು, ಕೋಲನ್ನು ಇಳಿಸುತ್ತ ಸಡಿಲವಾದಷ್ಟನ್ನೇ ಸುತ್ತಿಕೊಳ್ಳುವುದು ಕ್ರಮ. ಡಿ ವೆಟ್ ವ್ಯಾನ್ ಇಂಗನ್ ೧೯೪೬ರಲ್ಲಿ ಕಾವೇರಿಯ ಸೀಮೆಯಲ್ಲಿ ಹಿಡಿದ ೧೨೦ ಪೌಂಡಿನ ಮಹಶೀರ್ ಇಂದಿಗೂ ಗಾಳಗಾರರ ಬಾಯಲ್ಲಿದೆ. ಅಂಥ ಮೀನನ್ನು ಯಾರೂ ಹಿಡಿಕೆಯ ಬಲದಿಂದ ಗೆದ್ದುದಿಲ್ಲ.

ಹಾಗಾದರೆ ಹಿಡಿಕೆಯ ಆಯ್ಕೆಯಿಂದ ಮೀನಿಗೇನು? ಇಲ್ಲಿ ವಿನೋದಕ್ಕಿಂತ ದೊಡ್ಡದೊಂದು ವಿಷಯವಿದೆ. ಕೃಷ್ಣಾ ಜಲಾನಯನದ ಮಹಶೀರನ್ನು ಸೈಕ್ಸ್ ಎಂಬಾತನು ೧೮೩೯ರಲ್ಲಿ ಪುಣೆಯ ಮುಳಾ-ಮುಠಾ ಹೊಳೆಯ ಮೀನಿನಿಂದ ವರ್ಣಿಸಿದನು. ಕಾವೇರಿಯ ಗೂನುಬೆನ್ನಿನ ಮಹಶೀರ್ ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಜಾತಿಗಳ ಪಟ್ಟಿಯನ್ನು ಸೇರಿತು. ಹಿಡಿದ ಮಹಶೀರನ್ನು ಮರಳಿ ನೀರಿಗೆ ಬಿಡುವುದು ಈಗ ವಿವೇಕಿಗಳ ರೂಢಿ. ಆದರೆ ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಬಹಳ ಹೊತ್ತು ಹೋರಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿರುತ್ತದೆ; ಈಜಿ ಹೋದಂತೆ ಕಂಡದ್ದು ಮುಂದಿನ ಮಡುವಿನಲ್ಲಿ ತೇಲಬಹುದು. ಬೇಸಗೆಯಲ್ಲಿ ಅಪಾಯ ಹೆಚ್ಚು: ೨೦ ಡಿಗ್ರಿ ಸೆಲ್ಸಿಯಸ್ ಶಾಖದ ನೀರು ಲೀಟರಿಗೆ ಸುಮಾರು ೯.೧ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ, ೩೦ ಡಿಗ್ರಿಯ ನೀರು ಸುಮಾರು ೭.೫ ಮಿಲಿಗ್ರಾಮನ್ನು ಮಾತ್ರ. ಹಗುರ ಎರೆಗೆಂದು ಕೊಂಡ ಪುಟ್ಟ ರೀಲು, ಗಿಡ್ಡ ಹಿಡಿಕೆ, ಕಾಳಿನಷ್ಟು ಗುಬುಟುಗಳಿಂದ ದೊಡ್ಡ ಮೀನನ್ನು ಹೂಡಿದವನು ಇಳಿಸಿದ ಕೋಲಿನ ಸಡಿಲವನ್ನು ಬೇಗ ಸುತ್ತಿಕೊಳ್ಳಲಾರದೆ, ಹತ್ತು ನಿಮಿಷದ ಹೋರಾಟವನ್ನು ಅರ್ಧ ಗಂಟೆಗೆ ಎಳೆಯುತ್ತಾನೆ. ಅದನ್ನು ಸಾಹಸವೆಂದು ಹೊಗಳುವ ಅಭ್ಯಾಸ ನಮಗೆ ಸರಿಯೆನಿಸುವುದಿಲ್ಲ. ಮಹಶೀರ್ ಇರುವ ನೀರಿನಲ್ಲಿ ಎರೆ ಎಷ್ಟೇ ಸಣ್ಣದಾಗಿರಲಿ, ಹಿಡಿಕೆಯನ್ನು ಮೀನಿನ ಲೆಕ್ಕದಿಂದಲೇ ಆರಿಸತಕ್ಕದ್ದು.

ಎಲ್ಲಿ ಗಾಳ ಹಾಕಬಹುದೆಂಬುದನ್ನೂ ಹೇಳಿಬಿಡೋಣ. ಭದ್ರಾ ಜಲಾಶಯದ ಹಿನ್ನೀರು ಭದ್ರಾ ಅಭಯಾರಣ್ಯವನ್ನು ಹೊಕ್ಕಿದೆ. ಅದು ೧೯೯೮ರಿಂದ ಹುಲಿ ಸಂರಕ್ಷಿತ ಪ್ರದೇಶವೂ ಹೌದು. ಅಲ್ಲಿ ವಿನೋದದ ಗಾಳಕ್ಕೆ ಎಡೆಯಿಲ್ಲ. ಶೃಂಗೇರಿಯ ತುಂಗಾತೀರದಲ್ಲಿ ಜನರು ಪುರಿ ಹಾಕಿ ಸಾಕಿದ ದೇವರ ಮೀನುಗಳ ವಿಷಯ ಹೇಳಬೇಕಾದದ್ದೇ ಇಲ್ಲ. ಉಳಿದೆಡೆಗಳಲ್ಲಿ ಕೆರೆಗೂ ಜಲಾಶಯಕ್ಕೂ ಮೀನಿನ ಹಕ್ಕುದಾರರು ಇರುತ್ತಾರೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಇಳಿಯುವುದು ಲೇಸು.

ಕೊಳ್ಳುವವರು ಗಮನಿಸಬೇಕಾದ ಒಂದೆರಡು ಸಣ್ಣ ಸಂಗತಿಗಳಿವೆ. ಹಿಡಿಕೆಯು ನೇರವಾಗಿ ಹಲ್ಲುಚಕ್ರಕ್ಕೇ ತಿರುಪಾಗಿ ಕೂರುವ ರೀಲುಗಳಲ್ಲಿ, ಎಡಗೈಗೂ ಬಲಗೈಗೂ ತಿರುಪಿನ ದಿಕ್ಕು ಬೇರೆ ಬೇರೆ. ಸುತ್ತುವಾಗ ಅದು ಬಿಗಿಯಬೇಕಲ್ಲದೆ ಬಿಚ್ಚಬಾರದಷ್ಟೆ. ಷಟ್ಕೋನದ ಸಲಾಕೆ ಆರಪಾರ ಹಾಯುವ ಬಗೆಯಲ್ಲಿ ಈ ತೊಡಕಿಲ್ಲದಿದ್ದರೂ ಸಲಾಕೆಯ ಅಳತೆ ರೀಲಿನಿಂದ ರೀಲಿಗೆ ಬದಲಾಗುತ್ತದೆ. ಹಿಡಿಕೆಯನ್ನು ಬೇಕಾಬಿಟ್ಟಿ ಉದ್ದ ಮಾಡಿದರೆ ಪುಟ್ಟ ರೀಲಿನ ಹಲ್ಲುಗಳಿಗೆ ಅದು ತಡೆಯಲಾರದ ತಿರುಗುಬಲ ಬಿದ್ದು ಅವು ಸವೆಯುತ್ತವೆ. ಮೂಲದ ಉದ್ದಕ್ಕಿಂತ ಒಂದು ಬೆರಳಗಲ ಹೆಚ್ಚಿಸುವುದರಲ್ಲಿಯೇ ತೃಪ್ತಿಪಡುವುದು ಜಾಣತನ. ಗುಬುಟನ್ನು ಮಾತ್ರ ಬದಲಿಸಬಯಸುವವರು ಪೇಟೆಯನ್ನೇ ನಂಬಬೇಕಾಗಿಲ್ಲ. ೧೯೨೩ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯಂಥ ಊರಿನಲ್ಲಿ, ಒಂದು ತುಂಡು ಮರವನ್ನೋ ಅಲ್ಯೂಮಿನಿಯಮನ್ನೋ ಲೇತಿಗೆ ಕೊಟ್ಟು ತನ್ನ ಅಂಗೈಗೆ ಹೊಂದುವ ಗುಬುಟನ್ನು ಕಡೆಯಿಸಿಕೊಳ್ಳುವುದು ಕಷ್ಟವಲ್ಲ.

ಮೇಲಿನ ಲೆಕ್ಕಗಳಲ್ಲಿ ಬಿಟ್ಟಿರುವ ಘರ್ಷಣೆಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಅಳೆಯಬಹುದು. ರೀಲನ್ನು ಮೇಜಿನ ಅಂಚಿಗೆ ಬಿಗಿದು, ಬಿಗಿತಡೆಯನ್ನು ಪೂರ್ತಿ ಮುಚ್ಚಿ, ದಾರದ ತುದಿಗೆ ೩೦೦ ಗ್ರಾಮಿನ ಬಟ್ಟನ್ನು ತೂಗುಬಿಡಬೇಕು. ಗುಬುಟಿಗೆ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಹಿಡಿಕೆಗೆ ಲಂಬವಾಗಿ ಎಳೆಯುತ್ತ, ಬಟ್ಟು ಮೇಲೇರತೊಡಗುವ ಕ್ಷಣದ ಅಂಕವನ್ನು ಓದಬೇಕು. ಉದ್ದವನ್ನೂ ತ್ರಿಜ್ಯವನ್ನೂ ಅಳೆದು ಸೂತ್ರದಿಂದ ಪಡೆದ ಬೆಲೆಗಿಂತ ಅದು ಎಷ್ಟು ಹೆಚ್ಚೋ ಅಷ್ಟು ಹಲ್ಲುಚಕ್ರ ಮತ್ತು ದಾರದ ಉರುಳುಕೊಕ್ಕೆಗಳ ಪಾಲು. ಹಳೆಯ ಎಣ್ಣೆ ಗಟ್ಟಿಯಾದ ರೀಲಿನಲ್ಲಿಯೂ, ಅದನ್ನೇ ತೊಳೆದು ಹೊಸ ಎಣ್ಣೆ ಹಾಕಿದ ಮೇಲೂ ಅಳೆದು ನೋಡಿದರೆ, ಹಿಡಿಕೆ ಬದಲಿಸುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಯಾವುದೆಂಬುದು ಹಲವರಿಗೆ ಗೊತ್ತಾಗುತ್ತದೆ. ಅಂಕವನ್ನು ಓದುವಾಗ ಹಿಡಿಕೆಯು ನೇರ ಕೆಳಮುಖವಾಗಿರುವಂತೆ ನೋಡಿಕೊಳ್ಳಬೇಕು. ಆಗ ಗುಬುಟಿನ ತೂಕವು ಲೆಕ್ಕದಲ್ಲಿ ಬೆರೆಯುವುದಿಲ್ಲ.